ಸಿನಾಟ್ರಾ ಕ್ಲಾಸಿನ ಸಿಟ್ಟು

“ನನ್ನ ಫೈಲ್ ಮುಟ್ಟಿದ್ದು ಯಾರು?!”

ರಂಜಿತಾಳ ದನಿಗೆ ಹಾಸನದ ಆ ಕಂಪ್ಯೂಟರ್ ಕ್ಲಾಸೇ ತಣ್ಣಗಾಯಿತು. ಅರಕಲಗೂಡಿಂದ ಬಸ್ಸಲ್ಲಿ ನಿಂತೇ ಬಂದಿದ್ದಳು. ಬೆಳಿಗ್ಗೆಯಿಂದ ಕೂತು ಬರೆದ ವೆಬ್‌ಪುಟ ಕಾಣಿಸುತ್ತಲೇ ಇಲ್ಲ. ನಿನ್ನೆಯ ಹಳೇ ‘ನಮಸ್ಕಾರ’ವೇ ಪರದೆ ಮೇಲೆ ಕೂತಿದೆ!

ಅವಳ ಕಣ್ಣು ನೇರ ಹೊಸ ಮೇಷ್ಟ್ರ ಮೇಲೆ ಬಿತ್ತು. ಬಾಗೂರಿನ ಸಂಜಯ್. ಅವತ್ತೇ ಅವನ ಮೊದಲ ದಿನ.

“ನಾನು ಟೀ ಕುಡಿಯಕ್ಕೆ ಹೋದಾಗ ನನ್ನ ಸಿಸ್ಟಮ್ ಮುಂದೆ ಕೂತಿದ್ದು ನೀವೇ ತಾನೆ?”

“ಕೂತಿದ್ದೆ. ಏನೂ ಮುಟ್ಟಿಲ್ಲ ಕಣ್ರೀ.”

“ಹಂಗಾದ್ರೆ ನಾನ್ ಬರೆದಿದ್ದು ಎಲ್ಲೋಯ್ತು?”

ಸಂಜಯ್ ಬಗ್ಗಿ ನೋಡಿದ. ಜೋರಾಗಿ ನಕ್ಕುಬಿಟ್ಟ...

“ಎಲ್ಲೂ ಹೋಗಿಲ್ಲ. ಸಿನಾಟ್ರಾ ಅಂದ್ರೆ ವೆಬ್‌ಪುಟ ಕಟ್ಟೋ ಚಿಕ್ಕ ಫ್ರೇಮ್‌ವರ್ಕ್. ರೂಬಿ ಅನ್ನೋ ಕಂಪ್ಯೂಟರ್ ಭಾಷೇಲಿ ನಾಲ್ಕು ಸಾಲು ಬರೆದ್ರೆ ಪುಟ ಬರುತ್ತೆ. ಆದ್ರೆ ಬದಲಾಯಿಸಿದ್ದನ್ನ ತಾನಾಗೇ ಓದ್ಕೊಳಲ್ಲ. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡ್ಬೇಕು. ಮೊದಲ ಪಾಠದಲ್ಲೇ ಇದೆಯಲ್ರೀ!”

ಕ್ಲಾಸೆಲ್ಲ ನಕ್ಕಿತು.

ರಂಜಿತಾಳ ಕಿವಿ ಬಿಸಿಯಾಯಿತು. “ಗೊತ್ತಿಲ್ಲ ಅಂತಾನೇ ಕಲಿಯಕ್ಕೆ ಬಂದಿರೋದು. ನಗೋದಕ್ಕೆ ಸಂಬಳ ಕೊಡ್ತಾರಾ ನಿಮಗೆ?”

ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳು.

“ಏನ್ ಧಿಮಾಕು!” ಸಂಜಯ್‌ಗೂ ಕೋಪ ಬಂತು.

ಅವಳ ಗೆಳತಿ ತೇಜಶ್ರೀ ಸಿಡುಕಿದಳು. “ಧಿಮಾಕಲ್ಲ ಸಾ. ಹೋದ ವರ್ಷ ಅವಳ ಅತ್ತಿಗೆ ಹೆರಿಗೇಲಿ ರಕ್ತ ಸಿಗದೆ ಒದ್ದಾಡಿದ್ರು. ಅತ್ತಿಗೆ ಉಳಿದ್ರು... ಮಗು ಉಳೀಲಿಲ್ಲ. ಯಾವೂರಲ್ಲಿ ಯಾರು ರಕ್ತ ಕೊಡ್ತಾರೆ ಅಂತ ತೋರಿಸೋ ಪುಟ ಅದು.”

“ಅವರ ಮನೆ ಎಲ್ಲಿ?” ಅಂತ ಕೇಳಿದ ಸಂಜಯ್.

ಮಾರನೇ ದಿನ ತೇಜಶ್ರೀ ಜೊತೆ ಅರಕಲಗೂಡಿನ ರಂಜಿತಾಳ ಮನೆ ಬಾಗಿಲಲ್ಲಿ ನಿಂತಿದ್ದ.

“ಇಲ್ಲೀಗಂಟ ಬಂದ್ರಾ? ನಗೋದು ಇನ್ನೂ ಬಾಕಿ ಇತ್ತಾ?”

“ತಪ್ಪಾಯ್ತು ರಂಜಿತಾ. ಎಲ್ಲರ ಎದುರು ನಕ್ಕಿದ್ದೆ. ಎಲ್ಲರ ಎದುರೇ ಕ್ಷಮೆ ಕೇಳ್ತೀನಿ.”

“ನಿಮ್ಮ ಕ್ಷಮೆ ಇಟ್ಕೊಂಡು ನಾನೇನ್ ಮಾಡ್ಲಿ? ಪುಟ ನಡೆಯೋ ಹಂಗೆ ಕಲಿಸ್ಕೊಡಿ! ಬರೆಯೋದು ನಾನೇ. ಕೀಬೋರ್ಡ್ ಮುಟ್ಟಿದ್ರೆ ನೋಡಿ...”

ಒಳಗಿಂದ ಅತ್ತಿಗೆ ಮೇಘಶ್ರೀ ಕೂಗಿದಳು. “ಬಾಗಿಲಲ್ಲೇ ಬೈಬ್ಯಾಡ ಕಣೆ. ಒಳಕ್ಕೆ ಕರ್ಕೊಂಡು ಬೈ!”

ಜಗಳವಾಡುತ್ತಲೇ ಪುಟ ಬೆಳೆಯಿತು. ಒಂದು ವಿಳಾಸ ತೆರೆದರೆ ಊರುಗಳು, ಇನ್ನೊಂದು ತೆರೆದರೆ ರಕ್ತದ ಗುಂಪುಗಳು. ಅವಳು ರೇಗುವಳು. ಅವನು ಕೈ ಕಟ್ಟಿಕೊಂಡು ಬಾಯಲ್ಲೇ ಹೇಳಿಕೊಡುವನು.

‘ಇವನ ಮೇಲೆ ರೇಗಿದ ಮೇಲೇ ಮನಸ್ಸು ಹಗುರಾಗುತ್ತಲ್ಲ... ಯಾಕೆ?’

ಪುಟ ಶುರುವಾದ ವಾರದಲ್ಲೇ ಹೊಳೆನರಸೀಪುರದಿಂದ ಫೋನ್ ಬಂತು. ಹೆರಿಗೆಗೆ ಬಂದವಳೊಬ್ಬಳಿಗೆ ಓ ನೆಗೆಟಿವ್ ಬೇಕು. ಪುಟದಲ್ಲಿ ಸಿಕ್ಕಿದ್ದು ಒಂದೇ ಹೆಸರು... ಸಂಜಯ್!

“ಹೊರಟೆ,” ಎಂದು ಬೈಕ್ ಹತ್ತಿದ. ಆಮೇಲೆ ಅವನ ಫೋನ್ ಸ್ವಿಚ್ ಆಫ್. ಮಧ್ಯಾಹ್ನವಿಡೀ ಸ್ವಿಚ್ ಆಫ್.

ರಂಜಿತಾ ತಡೆಯಲಾರದೆ ಬಸ್ ಹತ್ತಿದಳು. ಆಸ್ಪತ್ರೆಯ ಬೆಂಚಿನ ಮೇಲೆ ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದ ಅವನನ್ನು ಕಂಡಿದ್ದೇ ತಡ, ಸಿಡಿದಳು.

“ಫೋನ್ ಯಾಕ್ ಆಫ್ ಮಾಡಿದ್ರಿ? ಬೈಕಲ್ಲಿ ಏನಾಯ್ತೋ ಅಂತ ಜೀವ ಬಾಯಿಗ್ ಬಂದಿತ್ತು!”

“ಚಾರ್ಜ್ ಮುಗೀತು ಕಣ್ರೀ... ತಾಯಿ, ಮಗು ಇಬ್ರೂ ಚೆನ್ನಾಗವ್ರೆ.”

“ಇಬ್ರೂನಾ?”

“ಇಬ್ರೂ.”

ಅವಳು ಪಕ್ಕದಲ್ಲಿ ಕುಸಿದು ಕೂತಳು. ವರ್ಷವಿಡೀ ಎದೆಯಲ್ಲಿ ಕುದಿಯುತ್ತಿದ್ದದ್ದು ಕಣ್ಣೀರಾಗಿ ಸುರಿಯಿತು.

“ರಂಜಿತಾ... ನಂಗೆ ನೀವಂದ್ರೆ ತುಂಬ ಇಷ್ಟ.”

“ಇಷ್ಟು ದಿನ ಯಾಕ್ ಹೇಳ್ಲಿಲ್ಲ?!”

“ಬೈತೀರ ಅಂತ.”

“ಈಗ್ಲೂ ಬೈತೀನಿ.” ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. “ಏಳು. ಮೊದ್ಲು ಊಟ ಮಾಡು.”

“ಮನೇಲಿ ಮಾತಾಡಕ್ಕೆ ನಾಳೆನೇ ಬರ್ಲಾ?”

“ನಾಳೆ ಬ್ಯಾಡ... ಮೊದ್ಲು ಅತ್ತಿಗೆಗೆ ನಾನೇ ಹೇಳ್ಬೇಕು. ನಾಡಿದ್ದು ಬಾ.”

“ಬತ್ತೀನಿ.”