ಕ್ಯಾಬಿನೆಟ್ಟಿನೊಳಗಿನ ಕುಂಕುಮ

ಮೊದಲು ಬಂದದ್ದು ವಾಸನೆ. ವೈರು ಸುಟ್ಟ ವಾಸನೆ.

ಭಾನುವಾರದ ಊಟ ಮುಗಿಸಿ ಅಡ್ಡಾಗಿದ್ದ ಸುವರ್ಣಾ ಎದ್ದು ಕೂತಳು. ಮಲ್ಕಾಜ್‌ಗಿರಿಯ ಆ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲು ಅಮರೇಶಪ್ಪನವರದು. ಹೋಗಿ ನೋಡಿದರೆ ಬಾಗಿಲು ತೆರೆದೇ ಇತ್ತು. ಒಳಗೆ ಅವರ ಮಗಳು ಅಪೂರ್ವ ಕಂಪ್ಯೂಟರಿನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಳು. ಕಾಲೇಜಿಗೆ ಕಟ್ಟಡದ ನಕ್ಷೆ ಬಿಡಿಸುತ್ತಿದ್ದಳಂತೆ. ಟಪ್ ಎಂದಿತಂತೆ, ಹೊಗೆ ಬಂತಂತೆ.

ಕಂಪ್ಯೂಟರ್ ಜೋಡಿಸಿದವನಿಗೇ ಫೋನು ಹೋಯಿತು. ಅವನು ಬಸು, ಅಮರೇಶಪ್ಪನವರ ತಂಗಿಯ ಮಗ, ಸಿಂಧನೂರಿನವನು, ಈಗ ಇದೇ ಊರಿನಲ್ಲಿದ್ದ. ಬೈಕು ಓಡಿಸಿಕೊಂಡು ಬಂದ. ಸ್ಕ್ರೂ ಬಿಚ್ಚಿದ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದವನು ಬಹಳ ಹೊತ್ತು ತಲೆಯೆತ್ತಲಿಲ್ಲ.

"ಮಾವಾರ, ಇದು ನಾ ಹಾಕಿದ್ದಲ್ರಿ."

ಅವನು ತೋರಿಸಿದ್ದು ಎಸ್‌ಎಂಪಿಎಸ್ ಡಬ್ಬಿಯನ್ನು. ಗೋಡೆಯ ಕರೆಂಟನ್ನು ಹದ ಮಾಡಿ ಒಳಗಿನ ಭಾಗಗಳಿಗೆಲ್ಲ ಉಣಿಸುವ ಡಬ್ಬಿ ಅದು. ಕಳೆದ ದೀಪಾವಳಿ ಮುಗಿದ ಮೇಲೆ ಈ ಯಂತ್ರ ಜೋಡಿಸುವಾಗ ಬಸು ಅದರ ಬಗ್ಗೆ ಮನೆಮಂದಿಯ ತಲೆ ತಿಂದಿದ್ದ. ಬಣ್ಣದ ಲೈಟು ಬೇಡ, ಗಾಜಿನ ಬಾಗಿಲು ಬೇಡ ಎಂದಿದ್ದ. ಪ್ರೊಸೆಸರ್ ಸಾಧಾರಣದ್ದಿರಲಿ, ಮುಂದೆ ಬದಲಿಸಬಹುದು. ರ‍್ಯಾಮಿಗೆ ಜಾಗ ಖಾಲಿ ಬಿಡೋಣ. ಫ್ಯಾನು ದೊಡ್ಡದಿರಲಿ, ನಿಧಾನ ತಿರುಗಲಿ. ಎಸ್‌ಎಂಪಿಎಸ್ ಮಾತ್ರ ಮೊದಲ ದರ್ಜೆಯದು ಬೇಕು, ಅದು ಕೆಟ್ಟರೆ ಉಳಿದವನ್ನೂ ಕರೆದುಕೊಂಡು ಹೋಗುತ್ತದೆ. ಹೀಗೆ ಮಾಡಿದರೆ ಹತ್ತು ವರ್ಷ ಮುಟ್ಟಿ ನೋಡಬೇಕಾಗಿಲ್ಲ ಎಂದು ಮಾತು ಕೊಟ್ಟಿದ್ದ.

ಈಗ ಒಳಗಿದ್ದದ್ದು ಹೆಸರಿಲ್ಲದ, ಹಗುರ ತಗಡಿನ ಡಬ್ಬಿ. ಅದು ಸುಟ್ಟು ಮದರ್‌ಬೋರ್ಡನ್ನೂ ಸುಟ್ಟಿತ್ತು.

"ನೀನ ತೆರದಿ, ನೀನ ಮುಚ್ಚಿದಿ. ನಡುವ ಇದನ್ನ ಯಾರು ಹಾಕ್ಯಾರ?" ಎಂದರು ಅಮರೇಶಪ್ಪ.

ಸೋಫಾದಲ್ಲಿ ಕೂತಿದ್ದ ಪರಮೇಶ ತಲೆ ಅಲ್ಲಾಡಿಸಿದ. ಅಮರೇಶಪ್ಪನವರ ಹೆಂಡತಿ ಸುಂದರಾಬಾಯಿಯ ಬೆನ್ನಿಗೆ ಬಿದ್ದ ತಮ್ಮ ಅವನು. ಭಾನುವಾರದ ಊಟ ಅವನಿಗೆ ಅಕ್ಕನ ಮನೆಯಲ್ಲೇ. "ತೋರ್ಸೋದು ಒಂದು, ಹಾಕೋದು ಒಂದು. ಮಾರ್ಕೆಟ್‌ನ್ಯಾಗ ಇದು ನಡೀತೈತಿ ಭಾವಾರ" ಎಂದ.

ಬಸುವಿನ ಮುಖ ಕೆಂಪಾಯಿತು. ಬೇಗಂ ಬಜಾರಿನಲ್ಲಿ ಅಮರೇಶಪ್ಪನವರ ಕಿರಾಣಿ ಹೋಲ್‌ಸೇಲ್ ಅಂಗಡಿಗೆ ಹೊಂದಿಕೊಂಡು ಒಂದು ಖಾಲಿ ಕೋಣೆಯಿತ್ತು. ಅಲ್ಲಿ ಬಸು ಕಂಪ್ಯೂಟರ್ ಅಂಗಡಿ ತೆರೆಯುವುದೆಂದು ನಿಶ್ಚಯವಾಗಿತ್ತು. ಬರುವ ಶುಕ್ರವಾರವೇ ಪೂಜೆ. ಕಳ್ಳನಿಗೆ ಕೋಣೆ ಇಲ್ಲ ಎಂದುಬಿಟ್ಟರು ಅಮರೇಶಪ್ಪ. ಬಜಾರಿನಲ್ಲಿ ಈ ಸುದ್ದಿ ಹಬ್ಬಿದರೆ ಕೋಣೆಯಷ್ಟೇ ಅಲ್ಲ, ಬಸುವಿನ ಕೈಗೆ ಯಂತ್ರ ಕೊಡುವವರೂ ಇರುವುದಿಲ್ಲ.

ಸುವರ್ಣಾ ರೈಲ್ವೆಯ ಸಿಗ್ನಲ್ ವಿಭಾಗದವಳು. ಸಿಗ್ನಲ್ ಕೆಟ್ಟರೆ ಅವಳ ಕಚೇರಿಯಲ್ಲಿ ಯಾರ ತಪ್ಪು ಎಂದು ಮೊದಲು ಕೇಳುವುದಿಲ್ಲ. ನಿನ್ನೆವರೆಗೆ ಸರಿ ಇತ್ತಲ್ಲ, ಕೊನೆಗೆ ಬದಲಾದದ್ದೇನು ಎಂದು ಕೇಳುತ್ತಾರೆ.

"ಅಣ್ಣಾರ, ಗುರುವಾರದ ತನಕ ತಡೀರಿ. ಈ ಕಂಪ್ಯೂಟರ್ ಡಬ್ಬಾ ನನ್ನ ಕಡಿ ಇರ್ಲಿ" ಎಂದಳು.

* * *

ಕ್ಯಾಬಿನೆಟ್ಟನ್ನು ತನ್ನ ಮನೆಯ ಮೇಜಿನ ಮೇಲೆ ಮಲಗಿಸಿ ಸುವರ್ಣಾ ಕನ್ನಡಕ ಏರಿಸಿದಳು.

ಒಳಗೆ ತಳದಲ್ಲಿ ಧೂಳು ತೆಳ್ಳಗೆ ಕೂತಿತ್ತು. ಆದರೆ ಎಸ್‌ಎಂಪಿಎಸ್ ಮುಂದೆ ಅಂಗೈ ಅಗಲದ ಒಂದು ಪಟ್ಟಿ ಮಾತ್ರ ತೊಳೆದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಬೆರಳಿಟ್ಟಳು. ಏನೂ ಹತ್ತಲಿಲ್ಲ. ಅಂದರೆ ಅಲ್ಲಿ ಇದಕ್ಕಿಂತ ಉದ್ದನೆಯ ಡಬ್ಬಿ ಬಹಳ ದಿನ ಕೂತಿತ್ತು. ಧೂಳು ಅದರ ಸುತ್ತ ಬಿದ್ದಿತ್ತು. ಅದು ಎದ್ದುಹೋದದ್ದು ಮೊನ್ನೆ ಮೊನ್ನೆ. ಈ ಭಾನುವಾರಕ್ಕೆ ಮೊದಲು ಬಸು ಆ ಮನೆಗೆ ಬಂದು ತಿಂಗಳುಗಳೇ ಆಗಿದ್ದವು.

ಆಮೇಲೆ ಹೆಸರಿಲ್ಲದ ಡಬ್ಬಿ ಬಿಚ್ಚಿದಳು. ಹಳೆಯದನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಹೊಸದರಂತೆ ಮಾಡಿದ್ದರು. ಒಳಕ್ಕೆ ತಿರುಗಿದ್ದ ಪಕ್ಕದಲ್ಲಿ ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ. ಒಣಗಿ ಕಲ್ಲಾಗಿತ್ತು. ಬಟ್ಟೆಯ ಗೆರೆಗಳು ಆ ಬೊಟ್ಟಿನ ತನಕ ಬಂದು, ಅದನ್ನು ಬಳಸಿಕೊಂಡು, ಮುಂದೆ ಹೋಗಿದ್ದವು.

ಸುವರ್ಣಾಗೆ ನಗು ಬಂತು. ಇದು ಆಯುಧ ಪೂಜೆಯ ಕುಂಕುಮ. ಅಮರೇಶಪ್ಪನವರ ಕಂಪ್ಯೂಟರ್ ಹುಟ್ಟಿದ್ದೇ ದೀಪಾವಳಿ ಆದ ಮೇಲೆ. ಇನ್ನೂ ಒಂದು ಆಯುಧ ಪೂಜೆಯನ್ನೂ ನೋಡಿಲ್ಲ.

ಫ್ಯಾನಿನ ರೆಕ್ಕೆಗಳ ಸಂದಿಗೆ ಬಟ್ಟೆ ಹೋಗಿರಲಿಲ್ಲ. ಅಲ್ಲಿ ಬಿಳಿ ಪುಡಿ ಕಟ್ಟಿತ್ತು. ಹಿಟ್ಟು ಅಂದುಕೊಂಡು ಒಂದು ಚಿಟಿಕೆ ನೀರಿಗೆ ಹಾಕಿದಳು. ನೆನೆಯಲಿಲ್ಲ, ಕರಗಲಿಲ್ಲ, ತೇಲಿತು.

* * *

ಮೊದಲ ಅನುಮಾನ ಗಗನನ ಮೇಲೆ ಬಂತು. ಹಿಂದಿನ ವಾರ ಇಂಟರ್ನೆಟ್ಟಿನ ಕೇಬಲ್ ಎಳೆಯಲು ಬಂದು ಕಂಪ್ಯೂಟರನ್ನು ಸರಿಸಾಡಿದವನು ಅವನೇ. ಸುವರ್ಣಾ ಅವನನ್ನು ಗೇಟಿನ ಹತ್ತಿರ ಹಿಡಿದಳು. ಗಗನ ಹೆದರಲಿಲ್ಲ, ಬೇಜಾರು ಮಾಡಿಕೊಂಡ. ತಾನು ಬಾಗಿಲು ಬಿಚ್ಚಿಲ್ಲ, ಅಪೂರ್ವ ಎದುರಿಗೇ ಇದ್ದಳು ಎಂದ. ಆ ಯಂತ್ರ ಎಷ್ಟು ಸದ್ದಿಲ್ಲದೆ ಓಡುತ್ತಿತ್ತೆಂದರೆ ಆಫ್ ಆಗಿದೆ ಅಂದುಕೊಂಡು ಪ್ಲಗ್ ಕೀಳಲು ಹೋಗಿ ಅವಳಿಂದ ಬೈಸಿಕೊಂಡನಂತೆ.

ಅಪೂರ್ವಳೂ ಹೌದೆಂದಳು. ಗಗನ ಬಂದು ಹೋದ ಮೇಲೂ ಕಂಪ್ಯೂಟರ್ ಸದ್ದಿಲ್ಲದೆ ಓಡುತ್ತಿತ್ತು. ಕಿರಿಕಿರಿ ಸದ್ದು ಶುರುವಾದದ್ದು ಅದಾದ ಮೇಲೆ, ತಾನೊಂದು ದಿನ ಕಾಲೇಜಿನಿಂದ ಬಂದಾಗ. ಹಾಗಾದರೆ ಗಗನ ಅಲ್ಲ.

ಉಳಿದವರು ಸುಂದರಾಬಾಯಿ. ಹಗಲು ಮನೆಯಲ್ಲಿರುವವರು ಅವರೊಬ್ಬರೇ. ಯಾರಾದರೂ ಬಂದಿದ್ದರೇ ಎಂದು ಸುವರ್ಣಾ ಕೇಳಿದಳು.

"ಯಾರೂ ಬಂದಿಲ್ರಿ" ಎಂದರು ಅವರು. ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಚಹಾ ಮಾಡುವುದನ್ನೂ ಮರೆತರು. ಆ ಮನೆಯಲ್ಲಿ ಚಹಾ ಇಲ್ಲದೆ ಸುವರ್ಣಾ ಎದ್ದುಬಂದದ್ದು ಅದೇ ಮೊದಲು.

* * *

ಬಿಳಿ ಪುಡಿ ಬೇಗಂ ಬಜಾರಿನದಲ್ಲ. ಅಲ್ಲಿಯ ಧೂಳಿಗೆ ಖಾರದ ಘಾಟು ಇರುತ್ತದೆ. ನೀರಿನ ಮೇಲೆ ತೇಲುವ ಪುಡಿ ಪ್ಲಾಸ್ಟಿಕ್ಕಿನದು. ಪರಮೇಶನ ಕೆಲಸ ನಾಚಾರಂನ ಒಂದು ಬಕೆಟ್ ತಯಾರಿಸುವ ಯೂನಿಟ್ಟಿನಲ್ಲಿ. ಅಲ್ಲಿ ಅವನು ಆಫೀಸಿನ ಉಸ್ತುವಾರಿ.

ಬುಧವಾರ ರಜೆ ಹಾಕಿ ಸುವರ್ಣಾ ನಾಚಾರಂಗೆ ಹೋದಳು. ನೀರಿನ ಡ್ರಮ್ಮು ಬೇಕಿತ್ತು ಎಂದಳು. ಪರಮೇಶ ಬ್ಯಾಂಕಿಗೆ ಹೋಗಿದ್ದ. ಆಫೀಸಿನಲ್ಲಿ ಕೂತಿದ್ದ ಶೋಭಾ ಎಂಬವಳು ರೇಟು ಹೇಳತೊಡಗಿದಳು. ಅವಳ ಕಾಲಬಳಿ ಒಂದು ಚಿಕ್ಕ ಕ್ಯಾಬಿನೆಟ್ಟು. ಅದರ ಬಾಗಿಲು ಮುಚ್ಚಿರಲಿಲ್ಲ. ಒಳಗಿನ ಎಸ್‌ಎಂಪಿಎಸ್ ಉದ್ದವಾಗಿ ಹೊರಗೆ ಚಾಚಿತ್ತು, ಸುತಳಿಯಿಂದ ಬಿಗಿದು ಕಟ್ಟಿದ್ದರು. ಸದ್ದಿಲ್ಲ. ಬಸು ಹೇಳಿದ ಕಂಪನಿಯ ಹೆಸರೇ ಅದರ ಮೇಲಿತ್ತು.

ಕೇಳದಿದ್ದರೂ ಶೋಭಾ ತೆಲುಗಿನಲ್ಲಿ ಹೇಳಿದಳು. ಮೊದಲು ಈ ಕಂಪ್ಯೂಟರ್ ದಿನಾ ಆಫ್ ಆಗುತ್ತಿತ್ತು, ಓನರ್ ಪರಮೇಶನನ್ನು ಎಲ್ಲರೆದುರು ಬೈಯುತ್ತಿದ್ದರು, ಹೊಸದು ಕೊಡಿಸಿ ಎಂದರೆ ಇನ್ನೂ ಬೈಯುತ್ತಿದ್ದರು. ಈಗ ಪರಮೇಶ್ ಗಾರು ಎಲ್ಲಿಂದಲೋ ಇದನ್ನು ತಂದು ಹಾಕಿದ ಮೇಲೆ ಆರಾಮ. ಒಳಗಿನ ಫ್ಯಾನಿನ ಮೇಲೂ ಒಂದು ಬೊಟ್ಟು ಕಂಡು ಸುವರ್ಣಾ ವಿಚಾರಿಸಿದಳು. ದಸರಾಕ್ಕೆ ಎಲ್ಲ ಯಂತ್ರ ಬಿಚ್ಚಿ, ಧೂಳು ಊದಿ, ಒಳಗೆ ಅರಿಶಿನ ಕುಂಕುಮ ಇಡುವುದು ಓನರ್ ಮನೆಯವರ ಪದ್ಧತಿಯಂತೆ.

* * *

ಗುರುವಾರ ಸಂಜೆ ಎಲ್ಲರನ್ನೂ ಅಮರೇಶಪ್ಪನವರ ಹಾಲಿನಲ್ಲಿ ಕೂರಿಸಿದಳು. ಬಸು ಬಾಗಿಲ ಬಳಿಯೇ ನಿಂತ, ಕೂರಲಿಲ್ಲ.

ಸುವರ್ಣಾ ಧೂಳಿನ ಪಟ್ಟಿ ತೋರಿಸಿದಳು. ಬಸು ಹಾಕಿದ ಉದ್ದನೆಯ ಡಬ್ಬಿ ಇಷ್ಟು ದಿನ ಇಲ್ಲೇ ಇತ್ತು ಎಂದು ವಿವರಿಸಿದಳು. ಬಿಳಿ ಪುಡಿಯನ್ನು ನೀರಿನ ಲೋಟಕ್ಕೆ ಹಾಕಿ ಮುಂದಿಟ್ಟಳು. ಕೊನೆಗೆ ತಗಡಿನ ಡಬ್ಬಿಯನ್ನು ಬೊಟ್ಟು ಕಾಣುವ ಹಾಗೆ ತಿರುಗಿಸಿದಳು.

"ಇದನ್ನ ಹಾಕಿದವ್ರು ಎಲ್ಲಾ ಒರಸ್ಯಾರ. ಕುಂಕುಮ ಒಂದು ಬಿಟ್ಟಾರ. ಕಳವು ಮಾಡಾಕ ಕೈ ಬಂತು, ದೇವ್ರ ಕುಂಕುಮ ಒರಸಾಕ ಬರ್ಲಿಲ್ಲ. ಹೌದಲ್ಲೋ ಪರಮೇಶ? ನಾ ನಾಚಾರಂಗೆ ಹೋಗಿ ಬಂದೀನಿ."

ಪರಮೇಶ ನೆಲ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ಮಾತಾಡಿದ್ದು ಸುಂದರಾಬಾಯಿ.

"ಬಾಗಲಾ ತೆಗದಾಕಿ ನಾನ. ಧೂಳಾ ಝಾಡಸ್ತೀನಿ ಅಕ್ಕಾ ಅಂದ. ಒಂದು ಡಬ್ಬಿ ತಂದಾ, ಒಂದು ಒಯ್ದಾ. ಸುಟ್ಟ ದಿನಾನ ನನಗ ತಿಳೀತು." ಅವರು ಗಂಡನ ಕಡೆ ತಿರುಗಿದರು. "ತಮ್ಮ ಅಂತ ಬಾಯಿ ಮುಚ್ಕೊಂಡು ಕೂತ್ನಿ."

ಪರಮೇಶ ಒಪ್ಪಿಕೊಂಡ. ಕೆಡಿಸಬೇಕೆಂದು ಮಾಡಿದ್ದಲ್ಲ, ಮನೆಯ ಕಂಪ್ಯೂಟರಿಗೆ ಎಷ್ಟು ಮಹಾ ಲೋಡು ಇರುತ್ತದೆ, ಇದರಲ್ಲೇ ನಡೆಯುತ್ತದೆ ಅಂದುಕೊಂಡೆ ಎಂದ. ಸುವರ್ಣಾಗೆ ಅವನ ಮೇಲೆ ಒಂದು ಗಳಿಗೆ ಕನಿಕರ ಬಂತು. ಭಾನುವಾರ ಇದೇ ಸೋಫಾದಲ್ಲಿ ಕೂತು ಬಸುವಿನ ಮೇಲೆ ಹೊರಿಸಿದ್ದು ನೆನಪಾಗಿ ಆ ಕನಿಕರ ಹೋಯಿತು. ತಂದು ವಾಪಸ್ ಹಾಕಿ, ಸುಟ್ಟ ಬೋರ್ಡೂ ನೀನೇ ಕೊಡಿಸು ಎಂದಳು. ಅವನು ಹೂಂ ಎಂದು ಚಪ್ಪಲಿ ಮೆಟ್ಟಿ ಹೋದ. ಅಕ್ಕನ ಮುಖ ನೋಡಲಿಲ್ಲ.

ಅಮರೇಶಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡರು.

"ಬಸೂ, ಆಗಿದ್ದು ಆಗಿ ಹೋತು. ನಾಳಿ ಪೂಜಾ ಮಾಡು. ಕೋಣಿ ನಿಂದ."

"ಕೋಣಿ ಬೇಕ್ರಿ ನನಗ, ಬಿಡಂಗಿಲ್ಲ" ಎಂದ ಬಸು. ದನಿಯಲ್ಲಿ ಸಿಟ್ಟಿರಲಿಲ್ಲ. "ಬಾಡಗಿ ಎಷ್ಟಂತ ಹೇಳ್ರಿ."

"ಬಾಡಗಿ? ತಂಗಿ ಮಗಗ ಬಾಡಗಿ ಹೇಳ್ಲೇನೋ ನಾನು?"

"ಭಾನುವಾರಕ್ಕ ಮದ್ಲ ಆಗಿದ್ರ ನಾನೂ ಕೇಳ್ತಿದ್ದಿಲ್ರಿ, ಸಾವ್ಕಾರ್ರ."

ಹುಟ್ಟಿದಾಗಿನಿಂದ ಮಾವಾ ಎಂದವನ ಬಾಯಲ್ಲಿ ಆ ಮಾತು ಕೇಳಿ ಸುಂದರಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬಸು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದ. ಅಮರೇಶಪ್ಪನವರು ಬಜಾರಿನಲ್ಲಿ ದಿನವಿಡೀ ದರ ಹೇಳುವವರು. ಆ ಸಂಜೆ ಈ ಒಂದು ಬಾಡಿಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ.