ಮಾಪಣ್ಣನನ್ನು ಹುಡುಕಿದ ಶನಿವಾರಗಳು

ಸೃಜನ್ ಬರೆದ ಮೊದಲ ಸಾಲಿಗೇ ಶಿವಾನಿಗೆ ಮೈ ಉರಿದಿತ್ತು.

‘ಕ್ಷಮಿಸಿ. ನಿಮಗೆ ಸಿಕ್ಕಿರುವ ಮಾಪಣ್ಣ ಬೇರೆಯವನು. ಅವನಿಗೆ ನಲವತ್ತು ವರ್ಷ. ನಿಮ್ಮವನಿಗೆ ಹನ್ನೆರಡು.’

ವಂಶಾವಳಿ ಹುಡುಕುವವರೆಲ್ಲ ಸೇರುವ ಒಂದು ವೆಬ್‌ಸೈಟಿನಲ್ಲಿ, ಆರು ತಿಂಗಳು ಒದ್ದಾಡಿ ಅವಳು ಹಾಕಿದ್ದ ದಾಖಲೆಯ ಕೆಳಗೆ ಯಾರೋ ಅಪರಿಚಿತ ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದ. ಅವಳೂ ಇಂಗ್ಲಿಷಿನಲ್ಲೇ ಜಗಳಕ್ಕಿಳಿದಳು. ಹದಿನೈದು ದಿನ ಜಗಳವಾಡಿದ ಮೇಲೆ ಅವನು ಹೇಳಿದ್ದೇ ಸರಿ ಎಂದು ಗೊತ್ತಾಗಿ ಸಿಟ್ಟು ಇನ್ನಷ್ಟು ಏರಿತು. ಹಳೆಯ ಜೈಲು ರಿಜಿಸ್ಟರುಗಳ ಪ್ರತಿಗಳು ಅವನ ಹತ್ತಿರವಿದ್ದವು. ಭೇಟಿಯಾಗದೆ ದಾರಿಯಿರಲಿಲ್ಲ.

ನವಿ ಮುಂಬೈಯ ಸಾನಪಾಡಾ ಸ್ಟೇಷನ್ನಿನ ಹೊರಗೆ ನಿಂತು ಅವಳು ಡೊಂಬಿವಲಿಯಲ್ಲಿದ್ದ ಅಜ್ಜಿಗೆ ಫೋನ್ ಮಾಡಿದಳು. “ಆಯಿ, ಆ ಶಹಾಣಾ, ಭಾರೀ ಬುದ್ಧಿವಂತ ಮನಷ್ಯಾ ಇನ್ನೂ ಬಂದಿಲ್ಲ ನೋಡು. ಬಂದಮ್ಯಾಲ ನಾಕು ಮಾತು ಸುನಾಯಿಸೇ ಬರ್ತೀನಿ.”

“ಬಂದಿದಾನೆ,” ಎಂದಿತು ಬೆನ್ನ ಹಿಂದೆ ಒಂದು ದನಿ, ಅಚ್ಚ ಮೈಸೂರು ಕನ್ನಡದಲ್ಲಿ. “ಹತ್ತು ನಿಮಿಷದಿಂದ ಇಲ್ಲೇ ನಿಂತಿದಾನೆ.”

ಅವಳು ತಿರುಗಿದಳು. ಎತ್ತರದ ಹುಡುಗ, ಎದೆಗವಚಿಕೊಂಡ ಫೈಲು, ನಗು ತಡೆಯಲು ಕಚ್ಚಿಕೊಂಡ ಕೆಳದುಟಿ.

“ನೀವು... ಕನ್ನಡದವರಾ?”

“ಹೌದು. ಹದಿನೈದು ದಿನ ಇಂಗ್ಲಿಷಲ್ಲಿ ಬೈದ್ರಲ್ಲ, ಎಲ್ಲ ವೇಸ್ಟಾಯ್ತು. ಈಗ ಮತ್ತೆ ಮೊದಲಿಂದ ಬೈತೀರಾ?”

ಬೈಯಲಾಗಲಿಲ್ಲ. ಅವನ ಕಣ್ಣು ಅವನ ತುಟಿಗಿಂತ ಮೊದಲೇ ನಕ್ಕುಬಿಟ್ಟಿತ್ತು.

ಶಿವಾನಿ ಠಾಣೆಯ ವಿಮಾ ಕಚೇರಿಯೊಂದರಲ್ಲಿ ಕ್ಲೇಮ್ ನೋಡುತ್ತಿದ್ದಳು. ಸೃಜನ್ ನೆರೂಳದಲ್ಲಿ ಬ್ಯಾಂಕ್ ಆಡಿಟ್ ತಂಡದಲ್ಲಿದ್ದ. ಯಾರದೋ ಮುತ್ತಜ್ಜನ ಜಾಡು ಹಿಡಿಯುವುದು ಅವನ ರಜಾದಿನದ ಹುಚ್ಚು. ಅವಳು ಹುಡುಕುತ್ತಿದ್ದುದು ಅಜ್ಜಿ ಪಾರವ್ವನಿಗಾಗಿ.

ಪಾರವ್ವನನ್ನು ಸಾಕಿದವಳು ಅವಳ ಅಜ್ಜಿ ಭಾಗವ್ವ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1888ರಲ್ಲಿ, ಗದಗಿನ ಹತ್ತಿರದ ಹಳ್ಳಿಯಿಂದ ಭಾಗವ್ವ ಗಂಡನ ಮನೆಗೆ ಹೊರಡಬೇಕಿತ್ತು. ಉಡಲು ನೆಟ್ಟಗಿನ ಸೀರೆಯಿರಲಿಲ್ಲ. ತಮ್ಮ ಮಾಪಣ್ಣ ಯಾರದೋ ಹಿತ್ತಿಲಲ್ಲಿ ಒಣಹಾಕಿದ್ದ ಇಳಕಲ್ ಸೀರೆ ತಂದುಕೊಟ್ಟ. ಪೊಲೀಸರು ಬಂದಾಗ ಅವಳು ಅದನ್ನು ಉಟ್ಟುಕೊಂಡು ನಿಂತಿದ್ದಳು. ಸೀರೆ ಬಿಚ್ಚಿಸಿ ಸಾಕ್ಷಿಗೆಂದು ಒಯ್ದರು. ಹುಡುಗನಿಗೆ ಮೂರು ವರ್ಷ ಶಿಕ್ಷೆಯಾಯಿತು, ಮುಂಬೈ ಕಡೆಯ ಜೈಲಿಗೆ ಕಳಿಸಿದರು. ಅವನು ತಿರುಗಿ ಬರಲೇ ಇಲ್ಲ.

ಸಾಯುವ ಮುಂಚೆ ಭಾಗವ್ವ ಮೊಮ್ಮಗಳ ಕೈಹಿಡಿದು, “ನನ್ನ ತಮ್ಮ ಏನಾದನಂತ ಹುಡುಕ,” ಅಂದಿದ್ದಳು. ಪಾರವ್ವನಿಗೀಗ ಎಂಬತ್ತಾರು.

ಶನಿವಾರಗಳು ಶುರುವಾದವು. ನೆರೂಳ ಸ್ಟೇಷನ್ ಹತ್ತಿರದ ಚಿಕ್ಕ ಹೋಟೆಲಿನ ಮೂಲೆಯ ಟೇಬಲ್ಲು, ಅರ್ಧರ್ಧ ಲೋಟದ ಎರಡು ಕಟಿಂಗ್ ಚಹಾ, ಅವನ ಲ್ಯಾಪ್‌ಟಾಪು. ಶಿವಾನಿಗೆ ಒಂದು ಕಡೆ ಕೂಡಲಾಗುತ್ತಿರಲಿಲ್ಲ. ಒಂದು ರಿಜಿಸ್ಟರ್ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ವಾರವಿಡೀ ಲೋಕಲ್ ರೈಲಿನ ಬಾಗಿಲ ಬಳಿ ನಿಂತು ಅವನ ಮೆಸೇಜಿಗೆ ಕಾಯುತ್ತಿದ್ದಳು. ಕಾಯುತ್ತಿರುವುದು ಮಾಪಣ್ಣನಿಗೋ ಇವನಿಗೋ ಎಂದು ತನ್ನನ್ನು ತಾನೇ ಕೇಳಿಕೊಳ್ಳಲು ಹೆದರುತ್ತಿದ್ದಳು.

ಮೂರನೆಯ ಶನಿವಾರ ಜೈಲು ರಿಜಿಸ್ಟರಿನಲ್ಲಿ ಹುಡುಗ ಸಿಕ್ಕಿದ. ಹೆಸರು ಮಾಪಣ್ಣ ಬಸಪ್ಪ. ವಯಸ್ಸು ಹನ್ನೆರಡು. ಎಡಹುಬ್ಬಿನ ಮೇಲೆ ಗಾಯದ ಗುರುತು. ಎತ್ತರ ನಾಲ್ಕು ಅಡಿ ಮೂರು ಇಂಚು.

“ಅಂದ್ರ ಎಷ್ಟು?” ಎಂದಳು ಶಿವಾನಿ.

ಸೃಜನ್ ಅವಳನ್ನು ಎದ್ದು ನಿಲ್ಲಿಸಿದ. ಲೆಕ್ಕ ಹಾಕಿ ಅಂಗೈಯನ್ನು ಅವಳ ಭುಜದ ಹತ್ತಿರ ಹಿಡಿದ. “ಇಷ್ಟೇ ಇದ್ದ.”

ಇಷ್ಟೇ. ಅವಳ ಕಣ್ಣು ತುಂಬಿತು. ಅಳತೆ ಮುಗಿದಿತ್ತು, ಅಂಗೈ ಮಾತ್ರ ಅಲ್ಲೇ ಇತ್ತು. ಮುಟ್ಟಿರಲಿಲ್ಲ; ಆದರೂ ಅದರ ಬಿಸಿ ಅವಳ ತೋಳಿಗೆ ತಾಕುತ್ತಿತ್ತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

1891ರಲ್ಲಿ ಬಿಡುಗಡೆ. ಅಲ್ಲಿಂದ ಮುಂದೆ ಜಾಡಿಲ್ಲ.

ಆಗಲೇ ಪಾರವ್ವ ಹಾಸಿಗೆ ಹಿಡಿದದ್ದು. ಎದೆಯಲ್ಲಿ ಕಫ ಕಟ್ಟಿ, ನರ್ಸಿಂಗ್ ಹೋಮಿನಲ್ಲಿ ಎಂಟು ದಿನ. ಸೃಜನ್ ಎಳನೀರು ಹಿಡಿದುಕೊಂಡು ಡೊಂಬಿವಲಿಗೆ ಬಂದ. ಕಾರಿಡಾರಿನಲ್ಲಿ ಶಿವಾನಿ ಕೇಳಿದಳು, “ಏನರೆ ಸಿಕ್ತಾ? ಆಯಿ ಕೇಳ್ತಾನೇ ಇರ್ತಾಳ.”

“ಇನ್ನೂ ಇಲ್ಲ,” ಅಂದ. ಅವಳ ಮುಖ ನೋಡದೆ ಅಂದ.

ಪಾರವ್ವ ಚೇತರಿಸಿಕೊಂಡು ಮನೆಗೆ ಬಂದ ಮೇಲಿನ ಎರಡನೆಯ ಶನಿವಾರ ಸೃಜನ್ ಚಹಾ ಹೇಳಲು ಎದ್ದಿದ್ದ. ಶಿವಾನಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಒಂದು ಫೋಲ್ಡರಿನ ಹೆಸರು ‘ಕಲ್ಯಾಣ’, ಡೊಂಬಿವಲಿಯ ಪಕ್ಕದ ಊರು.

ಮೊದಲನೆಯದು ರೈಲ್ವೆ ಕೆಲಸದ ಹಾಳೆ. ಮಾಪಣ್ಣ ಬಸಪ್ಪ, ಹಳಿ ರಿಪೇರಿಯ ಗ್ಯಾಂಗ್‌ಮನ್, ಊರು ಗದಗ ತಾಲೂಕು, ಎಡಹುಬ್ಬಿನ ಮೇಲೆ ಗಾಯ. ಆಮೇಲೆ 1899ರ ಜನನ ದಾಖಲೆ: ಹೆಣ್ಣು ಮಗು, ಹೆಸರು ಭಾಗೂ. ಕೊನೆಯದು 1918ರದು: ಕಲ್ಯಾಣದ ಪಕ್ಕದ ವಿಠ್ಠಲವಾಡಿಯಲ್ಲಿ ಜ್ವರದಿಂದ ಮರಣ.

ಫೈಲು ಇಳಿಸಿಕೊಂಡ ತಾರೀಖು ನೋಡಿದಳು. ಮೂರು ವಾರದ ಹಿಂದಿನದು. ನರ್ಸಿಂಗ್ ಹೋಮಿಗೆ ಅವನು ಬರುವುದಕ್ಕೆ ಎರಡು ದಿನ ಮೊದಲು.

ಚಹಾ ಹಿಡಿದು ಬಂದವನು ಅವಳ ಮುಖ ನೋಡಿ ಅಲ್ಲೇ ನಿಂತ.

“ಯಾಕ ಮುಚ್ಚಿಟ್ರಿ?”

“ಶಿವಾನಿ...”

“ನಮ್ಮಾಯಿ ಸಾಯೂ ಹಂಗ ಆಗಿದ್ಲು! ಯಾಕಂತ ಕೇಳಿದ್ನಿ.”

“ಇದು ಮುಗಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅನ್ನಿಸ್ತು.” ಅವನು ಚಹಾ ಲೋಟಗಳನ್ನು ಟೇಬಲ್ಲಿನ ಮೇಲಿಟ್ಟ. “ಇನ್ನೊಂದೇ ಒಂದು ಶನಿವಾರ ಅಂದ್ಕೊಂಡೆ. ಆಮೇಲೆ ಹೇಳೋ ಧೈರ್ಯ ಬರಲಿಲ್ಲ. ನಿಮ್ಮನ್ನ ನೋಡದೆ ಇರೋಕೆ ಆಗಲ್ಲ ನನಗೆ.”

ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು! ಹೀಗೆ ಕೇಳಬೇಕಾಯಿತಲ್ಲ ಎಂದು ಅವಳಿಗೆ ಅಳು ಬಂತು. ಬ್ಯಾಗೆತ್ತಿಕೊಂಡು ಹೊರಟಳು. ರೈಲು ಹತ್ತಿ, ಮುಂದಿನ ಸ್ಟೇಷನ್ ಜುಯಿನಗರದಲ್ಲೇ ಇಳಿದು, ವಾಪಸ್ ಹೋಗಲೋ ಎಂದು ಅರ್ಧ ಗಂಟೆ ನಿಂತು, ಮತ್ತೆ ಮನೆಯ ದಾರಿ ಹಿಡಿದಳು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಸೃಜನ್ ನಿಂತಿದ್ದ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

“ನಿಮ್ಮ ಹತ್ರ ಮಾತಾಡೋಕೆ ಬಂದಿಲ್ಲ. ಅಜ್ಜಿಗೆ ನಾನೇ ಹೇಳಬೇಕು.”

ಅವನು ಪಾರವ್ವನ ಮಂಚದ ಪಕ್ಕ ನೆಲದ ಮೇಲೆ ಕೂತ. ಮೂರು ಹಾಳೆಗಳನ್ನೂ ನಿಧಾನವಾಗಿ ಓದಿ ಕನ್ನಡದಲ್ಲಿ ಹೇಳಿದ. ಆಮೇಲೆ ತಾನು ಅದನ್ನು ಮುಚ್ಚಿಟ್ಟದ್ದನ್ನೂ ಹೇಳಿದ, ಯಾಕೆಂಬುದನ್ನೂ ಹೇಳಿದ.

ಪಾರವ್ವ ಜನನ ದಾಖಲೆಯ ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

“ಮಗಳಿಗೆ ಅಕ್ಕನ ಹೆಸರಿಟ್ಟಾನ,” ಅಂದಳು. “ಊರಿಗೆ ಬಂದ್ರ ಭಾಗವ್ವಗ ಅತ್ತಿ ಮನ್ಯಾಗ ಕಳ್ಳನ ಅಕ್ಕ ಅಂತಾರಂತ ಬರಲಿಲ್ಲವ್ವ ಅಂವ. ನನಗ ತಿಳೀತದ.” ಕಣ್ಣೊರೆಸಿಕೊಂಡು ಸೃಜನನ ಕಡೆ ತಿರುಗಿದಳು. “ನೀ ಮಾಡಿದ್ದು ತಪ್ಪೈತಿ, ತಮ್ಮಾ. ಆ ಮೂರು ವಾರದಾಗ ನಾ ಹೋಗಿದ್ರ?”

“ತಪ್ಪಾಯ್ತು ಅಜ್ಜಿ. ಜೀವನಪೂರ್ತಿ ಕಾಡ್ತಿತ್ತು ನನ್ನ.”

“ಹೂಂ. ಬಂದು ಹೇಳಿದಿ, ಅಷ್ಟರೆ ಬುದ್ಧಿ ಐತಿ. ಈಗ ನನ್ನ ಅಲ್ಲಿಗೆ ಕರಕೊಂಡ ನಡೀರಿ, ಇಬ್ಬರೂ.”

ಮುಂದಿನ ಭಾನುವಾರ ಇಬ್ಬರೂ ಅವಳನ್ನು ವಿಠ್ಠಲವಾಡಿಗೆ ಕರೆದೊಯ್ದರು. ನೋಡಲು ಸಮಾಧಿಯಿಲ್ಲ, ಮನೆಯಿಲ್ಲ, ಹಳಿಗಳಿದ್ದವು. ಪಾರವ್ವ ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಕೂತು, ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದಳು: “ಮಾಪಣ್ಣಾ! ಭಾಗವ್ವಗ ನಿನ್ನ ಮ್ಯಾಲ ಸಿಟ್ಟಿದ್ದಿಲ್ಲೋ ಯಪ್ಪಾ! ಸಾಯೂತನಕ ನಿನ್ನೇ ನೆನಸಿದ್ಲು!”

ಆಚೆ ಹಳಿಯಲ್ಲಿ ಲೋಕಲ್ಲೊಂದು ಧಡಧಡಿಸಿ ಹೋಯಿತು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ವರ್ಷದ ಭಾರ ಇಳಿದವಳಂತೆ ಅತ್ತಳು.

ನಾಲ್ಕು ಹೆಜ್ಜೆ ದೂರದಲ್ಲಿ ಶಿವಾನಿ, ಅವಳ ಪಕ್ಕ ಸೃಜನ್.

“ನನ್ನ ಸಿಟ್ಟು ಇನ್ನೂ ಹೋಗಿಲ್ಲ,” ಅಂದಳು, ಹಳಿ ನೋಡುತ್ತ.

“ಗೊತ್ತು. ಹೋಗೋವರೆಗೂ ಇರ್ತೀನಿ.”

“ಹೋದಮ್ಯಾಲ?”

ಅವನು ಅವಳ ಕಡೆ ತಿರುಗುವಷ್ಟರಲ್ಲಿ ಅವಳ ಕಿರುಬೆರಳು ಅವನ ಕಿರುಬೆರಳನ್ನು ಹಿಡಿಯಿತು.

“ಹೋದಮ್ಯಾಲೂ ಇರು,” ಅಂದಳು. ‘ನೀವು’ ಎಲ್ಲಿ ಕಳಚಿಹೋಯಿತೆಂದು ಇಬ್ಬರಿಗೂ ತಿಳಿಯಲಿಲ್ಲ.