ಗಡಿಯಾರ ಕಟ್ಟೆಯ ಹಸಿರು ಚುಕ್ಕೆ

"ಚಿಕ್ಕಮ್ಮಾ, ಅವರು ಬದುಕಿದಾರೆ!"

ಬಾಗಿಲು ಪೂರ್ತಿ ತೆಗೆಯುವ ಮೊದಲೇ ಅಕ್ಕನ ಮಗಳು ಒಳಗೆ ನುಗ್ಗಿ ಫೋನನ್ನು ಚಿಕ್ಕಮ್ಮನ ಮೂಗಿನ ತುದಿಗೆ ಹಿಡಿದಳು. ಒಂದು ಕಾಲಿಗೆ ಅವಳದೇ ಚಪ್ಪಲಿ, ಇನ್ನೊಂದಕ್ಕೆ ಯಾರದೋ.

"ಯಾರು ಬದುಕಿರೋದು? ಮೊದ್ಲು ಕೂತ್ಕೋ."

"ಇನ್ಯಾರು? ಅವರೇ! ಕಟ್ಟೆಯಲ್ಲಿ ಉತ್ತರ ಬರೆದಿದಾರೆ. ವಾರ ಆಯ್ತಂತೆ. ಕಟ್ಟೆಯ ಯಜಮಾನರು ಈಗ ಫೋನ್ ಮಾಡಿ ಹೇಳಿದ್ರು."

ಚಿಕ್ಕಮ್ಮ ಕನ್ನಡಕ ಹುಡುಕಿದಳು. ಅದು ಅವಳ ಹಣೆಯ ಮೇಲೇ ಇತ್ತು. ರೈಲು ನಿಲ್ದಾಣದ ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದ ಹೆಂಗಸು. ಲೋಕದ ಕೊಡೆ, ಪೆಟ್ಟಿಗೆ, ಹಲ್ಲಿನ ಸೆಟ್ಟುಗಳನ್ನೆಲ್ಲ ಹುಡುಕಿಕೊಟ್ಟವಳಿಗೆ ತನ್ನ ಕನ್ನಡಕ ಮಾತ್ರ ಸಿಗುತ್ತಿರಲಿಲ್ಲ. 'ಈ ಕೊಡೆ ನನ್ನದು' ಎಂದು ಬಂದವರನ್ನು ಅವಳು ಬಣ್ಣ ಕೇಳುತ್ತಿರಲಿಲ್ಲ. ಬಣ್ಣ ಯಾರಿಗಾದರೂ ಕಾಣುತ್ತದೆ. ಹಿಡಿ ಎಲ್ಲಿ ಸವೆದಿದೆ ಎಂದು ಕೇಳುತ್ತಿದ್ದಳು. ಕಳ್ಳರು ತಬ್ಬಿಬ್ಬಾಗುತ್ತಿದ್ದುದು ಅಲ್ಲೇ. ಹಾಗಾಗಿ ಬಿಡಿಸಲಾಗದ ಗಂಟುಗಳನ್ನೆಲ್ಲ ಬೀದಿಯವರು ಈಗಲೂ ಅವಳ ಮಡಿಲಿಗೇ ತಂದು ಹಾಕುತ್ತಿದ್ದರು.

ಈ ಗಂಟು ಅವಳ ಮನೆಯದೇ. ಅಕ್ಕನ ಮಗಳ ಗಂಡ ಗಡಿಯಾರ ರಿಪೇರಿಯವನು. ಹೊಳೆಯಾಚೆಯ ಗೋಪುರದ ಗಡಿಯಾರ ಸರಿಮಾಡಲು ಹೊರಟವನ ದೋಣಿ ಮಗುಚಿ ವರ್ಷ ತುಂಬುತ್ತ ಬಂದಿತ್ತು. ಉಳಿದವರೆಲ್ಲ ಸಿಕ್ಕಿದರು—ಕೆಲವರು ಉಸಿರಿನೊಂದಿಗೆ, ಕೆಲವರು ಉಸಿರಿಲ್ಲದೆ. ಅವನು ಮಾತ್ರ ಸಿಗಲಿಲ್ಲ. ಪೊಲೀಸರು ಕಡತ ಮುಚ್ಚಿದರು. ಹೆಂಡತಿ ಮುಚ್ಚಲಿಲ್ಲ. ಅವನ ಅಂಗಿಗಳನ್ನು ಬಿಸಿಲಿಗೆ ಹಾಕಿ, ಮಡಿಸಿ, ಮತ್ತೆ ಬಿಸಿಲಿಗೆ ಹಾಕುತ್ತಿದ್ದಳು.

ಇನ್ನು ಈ ಕಟ್ಟೆ. ಗಡಿಯಾರ ಕಟ್ಟೆ ಅಂದರೆ ಅಂತರ್ಜಾಲದಲ್ಲಿ ಅವನಂಥ ಹುಚ್ಚರು ಕೂಡುವ ಜಾಗ. ನಿಂತ ಗಡಿಯಾರದ ಫೋಟೋ ಹಾಕಿ 'ಏನು ಮಾಡಲಿ?' ಎಂದು ಯಾರೋ ಕೇಳುತ್ತಾರೆ. ಅವರನ್ನು ಎಂದೂ ಕಾಣದ ಇನ್ಯಾರೋ ಹೇಳಿಕೊಡುತ್ತಾರೆ. ಬೆಕ್ಕು, ಮೊಮ್ಮಗು, ಮಂಡಿನೋವುಗಳ ಸುದ್ದಿ ಆಮೇಲೆ ತಾನಾಗಿ ಬರುತ್ತದೆ. ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿದರೆ ಆ ಮನುಷ್ಯ ಈಗ ಕಟ್ಟೆಯ ಮೇಲೆ ಕೂತಿದ್ದಾನೆ ಎಂದರ್ಥ. ಅಲ್ಲಿಗೆ ಒಂದೇ ಕಟ್ಟಳೆ, ಮಾಡಿದವನೂ ಈ ಗಡಿಯಾರದವನೇ: ಕೇಳಿದ ಪ್ರಶ್ನೆ ಒಂಟಿಯಾಗಿ ಮಲಗಬಾರದು. ಬೇರೆ ಯಾರೂ ಉತ್ತರಿಸದಿದ್ದರೆ ಅವನು ಉತ್ತರಿಸುತ್ತಿದ್ದ. ಯಾರಾದರೂ ತಪ್ಪು ಹೇಳಿದರಂತೂ ಊಟದ ತಟ್ಟೆ ಬಿಟ್ಟು ಎದ್ದು ತಿದ್ದುತ್ತಿದ್ದ. ಹೆಂಡತಿ ಆ ಫೋನಿಗೆ 'ನನ್ನ ಸವತಿ' ಎಂದು ಹೆಸರಿಟ್ಟಿದ್ದಳು.

ಚಿಕ್ಕಮ್ಮ ಓದಿದಳು. ಯಾರೋ ಕೇಳಿದ್ದರು: 'ಅಮ್ಮನ ಗಡಿಯಾರ ನಿಂತುಹೋಗಿದೆ. ಅಮ್ಮ ಇಲ್ಲ. ಗಡಿಯಾರವಾದರೂ ಇರಲಿ ಅಂತ ಆಸೆ.'

ಕೆಳಗೆ, ಅವನ ಖಾತೆಯಿಂದ: 'ಗಾಬರಿ ಬೇಡ. ಮೊದಲು ಅದರ ಮಾತು ಕೇಳಿ. ಹಿಂಬದಿ ಬಿಚ್ಚಿ, ಧೂಳು ತೆಗೆದು, ಚಕ್ರದ ಹಲ್ಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಓಡುತ್ತದೆ.' ಜೊತೆಗೊಂದು ಫೋಟೋ. ಮೇಜಿನ ಮೇಲೆ ಬೆನ್ನು ಬಿಚ್ಚಿದ ಗಡಿಯಾರ. ಡಬ್ಬಿಯ ಮುಚ್ಚಳದಲ್ಲಿ ಸ್ಕ್ರೂಗಳು. ಎಡಗಡೆ ಚಿಮುಟ, ಸ್ಕ್ರೂಡ್ರೈವರ್, ಹಿಡಿ ಹೊರಕ್ಕೆ ತಿರುಗಿಸಿಟ್ಟ ಕಾಫಿ ಕಪ್ಪು.

"'ಅದರ ಮಾತು ಕೇಳಿ'—ಇದು ಅವರದೇ ಮಾತು! ಆ ಕಪ್ಪು ನೋಡು. ಪಕ್ಕದಲ್ಲಿ ಕಾಫಿ ಇಲ್ದಿದ್ರೆ ಅವರಿಗೆ ಕೈಯೇ ಓಡಲ್ಲ."

ಆ ಹುಡುಗನ ಮೇಲೆ ಅವಳಿಗೂ ಪ್ರಾಣ. ನಂಬಿಬಿಡೋಣ ಅನ್ನಿಸಿತು. ಬರೆದವನು ಅವನೇ ಆದರೆ ಈ ಹುಡುಗಿಗೆ ಗಂಡ ಸಿಕ್ಕ. ಅಲ್ಲದಿದ್ದರೆ? ಒಬ್ಬನನ್ನೇ ಎರಡು ಸಲ ಕಳೆದುಕೊಳ್ಳುತ್ತಾಳೆ.

"ಈ ಖಾತೆಯ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?"

"ಮೈದುನನಿಗೆ ಗೊತ್ತು. ಕಟ್ಟೆಯ ಯಜಮಾನರ ಹತ್ರ ಎಲ್ಲರ ಬೀಗದ ಕೈ ಇರುತ್ತೆ. ಮತ್ತೆ ಸಣ್ಣಮುಳ್ಳು ಅಂತ ಒಬ್ಬಳು—ಕಟ್ಟೆಯಲ್ಲಿ ಅವಳ ಹೆಸರದು. ಇವರ ವಿಡಿಯೋ ಕೆಳಗೆ ವಿವರ ಬರೆಯೋಳು. ಇವರಿಗೆ ಟೈಪ್ ಮಾಡೋದು ಅಂದ್ರೆ ಜ್ವರ ಬರುತ್ತೆ." ಅವಳು ಚಿಕ್ಕಮ್ಮನ ಕೈ ಹಿಡಿದುಕೊಂಡಳು. "ಎಲ್ಲಿದಾರೆ ಅಂತ ಹುಡುಕಿಕೊಡು. ಸಾಕು."

ಅಂಗಡಿಯಲ್ಲಿ ಮೈದುನ ಒಬ್ಬನೇ ಇದ್ದ. ಅಣ್ಣನ ಕುರ್ಚಿಯಲ್ಲಿ ಕೂರದೆ, ಪಕ್ಕದಲ್ಲೊಂದು ಸ್ಟೂಲು ಎಳೆದುಕೊಂಡು ಕೆಲಸ ಮಾಡುತ್ತಿದ್ದ.

"ನೀನಾ ಬರೆದದ್ದು?"

"ನಾನ್ಯಾಕೆ ಬರೀಲಿ?"

"ಅತ್ತಿಗೆ ಎರಡು ತುತ್ತು ನೆಮ್ಮದಿಯಾಗಿ ತಿನ್ನಲಿ ಅಂತ."

ಮೈದುನ ತಲೆ ತಗ್ಗಿಸಿದ. "ಮನಸ್ಸಲ್ಲಿ ಬಂದಿತ್ತು. ಸುಳ್ಳು ಹೇಳಲ್ಲ. ಆದ್ರೆ ನಾನು ಬರೆದಿದ್ರೆ ಹಲ್ಲಿಗೆ ಎಣ್ಣೆ ಬಿಡಿ ಅಂತ ಬರೀತಿರ್ಲಿಲ್ಲ."

"ಯಾಕೆ? ಏನು ತಪ್ಪು?"

"ಗಡಿಯಾರದ ಚಕ್ರದ ಹಲ್ಲಿಗೆ ಯಾರಾದ್ರೂ ಎಣ್ಣೆ ಹಾಕ್ತಾರಾ? ಧೂಳು ಮೆತ್ಕೊಂಡು ಹಲ್ಲೇ ಸವೆದುಹೋಗುತ್ತೆ. ಎಣ್ಣೆ ಹಾಕೋದು ಅಚ್ಚು ಕೂರೋ ತೂತಿಗೆ, ಅದೂ ಸೂಜಿಮೊನೆಯಷ್ಟು. ಅಣ್ಣ ನನಗೆ ಹೇಳಿಕೊಟ್ಟ ಮೊದಲ ಪಾಠ ಅದು."

"ಹಾಗಾದ್ರೆ ಬರೆದದ್ದು ನಿಮ್ಮಣ್ಣ ಅಲ್ಲ."

"ಅಥವಾ—" ಅವನ ದನಿ ಇಳಿಯಿತು. "ತಲೆಗೆ ಪೆಟ್ಟು ಬಿದ್ದು ಎಲ್ಲ ಮರೆತಿರಬಹುದಲ್ವಾ? ಅತ್ತಿಗೆ ಹಾಗೇ ಅಂತಾರೆ. ನನಗೂ ಹಾಗೇ ಇರ್ಲಿ ಅನ್ಸುತ್ತೆ."

ಹೊರಡುವಾಗ ಷಟರು ಅರ್ಧಕ್ಕೇ ಸಿಕ್ಕಿಕೊಂಡಿತು. ಮೈದುನ ಅದಕ್ಕೊಂದು ಗುದ್ದು ಕೊಟ್ಟ. "ಹಾಳಾದ್ದು! ಅಣ್ಣನ ಎಡಗೈ ಹೆಬ್ಬೆರಳು ಜಜ್ಜಿದ್ದೂ ಇದೇ."

ಕಟ್ಟೆಯ ಯಜಮಾನ ದೂರದೂರಿನ ಶಾಲಾ ಮೇಷ್ಟ್ರು. ಫೋನಿನಲ್ಲೂ ಪಾಠ ಮಾಡುವ ಗಂಟಲು.

"ನಿಮ್ಮ ಕಟ್ಟೆಯಲ್ಲಿ ಈಗ ಭಾರೀ ಜನವಂತೆ?"

"ಕಾಲಿಡೋಕೆ ಜಾಗ ಇಲ್ಲ ತಾಯಿ! ಅವರು ಕಾಣೆಯಾದ ಮೇಲೆ ನಾಯಿ ಬಂದು ಮಲಗೋ ಸ್ಥಿತಿಗೆ ಬಂದಿತ್ತು. ಈಗ ಆ ಉತ್ತರದ ಕೆಳಗೆ ನೂರಾರು ಜನ—ಎಲ್ಲಿದ್ರಿ ಗುರುಗಳೇ, ಹೇಗಿದೀರಿ ಗುರುಗಳೇ ಅಂತ."

"ಉತ್ತರದಲ್ಲಿ ತಪ್ಪಿದೆ. ನೀವು ನೋಡ್ಲಿಲ್ವಾ?"

ಮೇಷ್ಟ್ರು ಆ ಉತ್ತರವನ್ನು ಗೊಣಗುತ್ತ ಓದಿಕೊಂಡರು. "ಹೌದಲ್ಲ... ಯಾರೂ ಉತ್ತರ ಓದಲೇ ಇಲ್ಲ. ಹೆಸರು ಓದಿದ್ವಿ."

"ಕಟ್ಟೆ ತುಂಬಿದ್ರೆ ಲಾಭ ನಿಮಗೇ ಅಲ್ವಾ?"

"ಅನುಮಾನ ಪಡಿ, ಬೇಜಾರಿಲ್ಲ. ಆದ್ರೆ ಕಟ್ಟೆ ಶುರು ಮಾಡೋ ಮೊದಲು ನಾನು ಅವರ ಅಂಗಡಿಗೇ ಬಂದು, ಪಕ್ಕದಲ್ಲಿ ಕೂತು ಕೆಲಸ ಕಲಿತೋನು. ಬೆಳಿಗ್ಗೆ ಷಟರು ಎತ್ತುತ್ತಿದ್ದೋನೂ ನಾನೇ, ಪಾಪ, ಅವರ ಕೈಲಿ ಆಗ್ತಿರ್ಲಿಲ್ಲ. ಅಂಥ ಗೆಳೆಯನ ಹೆಸರಲ್ಲಿ ನಾಟಕ ಆಡ್ತೀನಾ?"

"ಯಾರು ಎಲ್ಲಿಂದ ಬರೆದ್ರು ಅಂತ ಗೊತ್ತಾಗಲ್ವಾ?"

"ಹಳೇ ಕಟ್ಟೆ ಇದು. ಬಂದವರ ಹೆಜ್ಜೆಗುರುತು ಇಟ್ಕೊಳ್ಳಲ್ಲ."

ಉಳಿದವಳು ಸಣ್ಣಮುಳ್ಳು. ಅವಳು ಮೆಲ್ಲಗೆ ಮಾತಾಡಿದಳು. ಹಿಂದೆ ಯಾರೋ ಕೆಮ್ಮುತ್ತಿದ್ದರು.

"ನಮ್ಮಪ್ಪ. ಹಾಸಿಗೆ ಹಿಡಿದಿದಾರೆ. ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ. ಮನೆಯಲ್ಲೇ ಗಡಿಯಾರ ರಿಪೇರಿ ಮಾಡ್ತೀನಿ."

"ಅವರನ್ನ ಎಂದಾದ್ರೂ ಭೇಟಿ ಆಗಿದೀರಾ?"

"ಇಲ್ಲ. ಆದ್ರೆ ನೋಡದ ದಿನ ಇಲ್ಲ. ವಿಡಿಯೋದಲ್ಲಿ ಮುಖ ಬರ್ತಿರ್ಲಿಲ್ಲ, ಕೈ ಮಾತ್ರ. ಆ ಎಡಗೈ ಇದೆಯಲ್ಲ—ಅಷ್ಟು ನಾಜೂಕಿನ ಕೈ ನಾನು ಇನ್ನೆಲ್ಲೂ ಕಂಡಿಲ್ಲ. ಅದನ್ನ ನೋಡ್ತಾನೇ ಕೆಲಸ ಕಲಿತೆ. ಅಪ್ಪನ ಕೆಮ್ಮು, ನಾಲ್ಕು ಗೋಡೆ, ಆ ಕೈ. ನನಗೆ ಇದ್ದದ್ದು ಅಷ್ಟೇ."

"ಉತ್ತರ ಬರೆದದ್ದು ನೀವಾ?"

ಕೆಮ್ಮು ಕೇಳಿಸಿತು. ಆಮೇಲೆ, "ಇಲ್ಲ."

"ಮತ್ತೆ ಯಾರು?"

"ಅವರೇ ಆಗಿರ್ಲಿ ಅಂತ ಬೇಡ್ಕೊಳ್ತೀನಿ."

ಚಿಕ್ಕಮ್ಮ ಕಟ್ಟೆಗೆ ಹೋಗಿ ಅವನ ಹಳೆಯ ವಿಡಿಯೋಗಳನ್ನು ಒಂದೊಂದಾಗಿ ನೋಡಿದಳು. ಪರದೆಯ ಮೇಲೆ ಅದೇ ಕೈ. ಕೇಳುತ್ತಿದ್ದುದು ಅದೇ ದನಿ—ಮನೆಯಲ್ಲಿ ನಾಲ್ಕು ಮಾತಾಡದವನು ಇಲ್ಲಿ ನಗುತ್ತ, ಪಕ್ಕದ ಕಾಫಿ ಆರಿತೆಂದು ತಮಾಷೆ ಮಾಡುತ್ತ, ಗೊತ್ತೇ ಇಲ್ಲದವರಿಗೆ 'ನಿಧಾನ, ನಿಧಾನ, ಅವಸರ ಯಾರಿಗಿದೆ?' ಎನ್ನುತ್ತಿದ್ದ. ಇವನನ್ನು ನಾವು ಪೂರ್ತಿ ನೋಡಲೇ ಇಲ್ಲವಲ್ಲ ಅನ್ನಿಸಿತು ಅವಳಿಗೆ.

ಮತ್ತೆ ಆ ಉತ್ತರದ ಫೋಟೋ ತೆಗೆದಳು. ಮುಚ್ಚಳ, ಸ್ಕ್ರೂ, ಚಿಮುಟ, ಕಪ್ಪು. ಇದ್ದಕ್ಕಿದ್ದಂತೆ ಅವಳ ಬೆನ್ನು ನೆಟ್ಟಗಾಯಿತು.

ಮರುದಿನ ಅಕ್ಕನ ಮಗಳನ್ನು ಅಂಗಡಿಗೆ ಕರೆಸಿದಳು. ಮೈದುನ ಬಾಗಿಲ ಬಳಿ ನಿಂತ. ಚಿಕ್ಕಮ್ಮ ಕಾಫಿಯ ಕಪ್ಪೊಂದನ್ನು ಅವಳ ಕೈಗೆ ಕೊಟ್ಟು ಖಾಲಿ ಕುರ್ಚಿ ತೋರಿಸಿದಳು.

"ನಿನ್ನ ಗಂಡ ಇಲ್ಲಿ ಕೂತು ಕೆಲಸ ಮಾಡ್ತಿದಾನೆ ಅಂದ್ಕೋ. ಕಾಫಿ ಇಡು."

"ಇದೇನು ಚಿಕ್ಕಮ್ಮಾ—"

"ಯೋಚಿಸಬೇಡ. ಇಡು."

ಅವಳು ಇಟ್ಟಳು. ವರ್ಷಗಟ್ಟಲೆ ಇಟ್ಟ ಕೈ ಅದು, ತಡವರಿಸಲಿಲ್ಲ. ಕುರ್ಚಿಯ ಬಲಗಡೆ, ಹಿಡಿ ಬಲಕ್ಕೆ.

ಚಿಕ್ಕಮ್ಮ ಫೋಟೋವನ್ನು ಕಪ್ಪಿನ ಪಕ್ಕ ಹಿಡಿದಳು. ಅಕ್ಕನ ಮಗಳು ಫೋಟೋ ನೋಡಿದಳು, ಕಪ್ಪು ನೋಡಿದಳು, ಮತ್ತೆ ಫೋಟೋ ನೋಡಿದಳು.

"ಎಡಗಡೆ ಇದೆ," ಎಂದಳು.

"ಹೌದು ಮಗಳೇ. ನಾವಿಬ್ಬರೂ ಕಪ್ಪು ನೋಡಿದ್ವಿ. ಎಲ್ಲಿದೆ ಅಂತ ನೋಡ್ಲಿಲ್ಲ. ಅವನ ಎಡಗೈ ಹೆಬ್ಬೆರಳು ಮಡಚೋದಿಲ್ಲ. ಆ ಕೈಲಿ ಕಪ್ಪು ಹಿಡಿಯೋಕಾಗಲ್ಲ. ಫೋನೂ ಹಿಡಿಯೋಕಾಗಲ್ಲ—ಗುಟ್ಟು ಇರೋದು ಅಲ್ಲೇ."

"ಫೋನಾ?" ಎಂದ ಮೈದುನ.

"ಕೆಲಸವೆಲ್ಲ ಬಲಗೈಲಿ ಮುಗಿಸ್ತಿದ್ದ. ಆಮೇಲೆ ವಿಡಿಯೋಗೆ ಬಲಗೈಲಿ ಫೋನ್ ಹಿಡಿದು, ಎಡಗೈ ಬೆರಳುಗಳ ಸಂದಿಯಲ್ಲಿ ಚಿಮುಟ ಸಿಕ್ಕಿಸಿಕೊಂಡು ತೋರಿಸ್ತಿದ್ದ. ನೋಡೋರಿಗೆ ಕಂಡದ್ದು ಎಡಗೈ ಒಂದೇ. ಅವನು ಎಡಚ ಅಂತಲೇ ನಂಬಿದ್ರು. ಈಗ ಹೇಳಿ. ಪಾಸ್‌ವರ್ಡ್ ಗೊತ್ತಿದ್ದೋರು ಮೂವರು. ತಮ್ಮನಿಗೆ ಅಣ್ಣನ ಕೈ ಗೊತ್ತು. ಮೇಷ್ಟ್ರು ಪಕ್ಕದಲ್ಲೇ ಕೂತು ಕಲಿತೋರು. ಅವರಿಬ್ಬರಲ್ಲಿ ಯಾರು ನಾಟಕ ಕಟ್ಟಿದ್ರೂ ಕಪ್ಪು ಬಲಗಡೆಗೇ ಬರ್ತಿತ್ತು. ಇಷ್ಟು ಅಕ್ಕರೆಯಿಂದ ಎಡಗಡೆಗೆ ಜೋಡಿಸಿಟ್ಟೋಳು, ಅವನ ಎಡಗೈ ಒಂದನ್ನೇ ಕಂಡೋಳು. ಸಣ್ಣಮುಳ್ಳು."

"ತಲೆಗೆ ಪೆಟ್ಟು ಬಿದ್ದಿದ್ರೆ? ಎಲ್ಲ ಮರೆತು—"

"ತಲೆ ಮರೀಬಹುದು ಮಗಳೇ. ಹೆಬ್ಬೆರಳು ವಾಸಿ ಆಗಲ್ಲ."

ಚಿಕ್ಕಮ್ಮ ಸಣ್ಣಮುಳ್ಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಕಂಡದ್ದನ್ನೆಲ್ಲ ಹೇಳಿದಳು.

"ಅವರು ಎಡಚರಲ್ವಾ?" ಸಣ್ಣಮುಳ್ಳು ಮೊದಲು ಕೇಳಿದ್ದು ಅದು. "ನಾನು ಎಡಗೈಲೇ ಕಲಿತೆ. ಅವರ ಹಾಗೆ ಆಗ್ಬೇಕು ಅಂತ."

ಅಕ್ಕನ ಮಗಳು ಮೇಜಿಗೆ ಎರಡೂ ಕೈ ಊರಿ ಬಗ್ಗಿದಳು. "ಯಾಕೆ ಹೀಗೆ ಮಾಡಿದೆ? ನಾನು ನಿನಗೇನು ಅನ್ಯಾಯ ಮಾಡಿದ್ದೆ? ಅವರ ಹೆಸರು ಹೊತ್ತಿದ್ದು ನೋಡಿ ಯಾರದೋ ಚಪ್ಪಲಿ ಮೆಟ್ಕೊಂಡು ಓಡಿದೀನಿ ಕಣೇ!"

"ತಪ್ಪಾಯ್ತು ಅಕ್ಕಾ. ನೀವು ನೋಡ್ತೀರಿ ಅಂತ ಹೊಳೀಲಿಲ್ಲ."

"ಆ ತಪ್ಪು ಉತ್ತರ?" ಚಿಕ್ಕಮ್ಮ ಕೇಳಿದಳು. "ಹಲ್ಲಿಗೆ ಎಣ್ಣೆ ಬಿಡಬಾರದು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಬೇಕಂತಲೇ ತಪ್ಪು ಬರೆದೆ. ಕೇಳಿದವರಿಗೆ ಬೇರೆಯಾಗಿ ಫೋನ್ ಮಾಡಿ, ಅದನ್ನ ಮಾಡಬೇಡಿ, ಹೀಗೆ ಮಾಡಿ ಅಂದೆ. ಅವರ ಅಮ್ಮನ ಗಡಿಯಾರ ಈಗ ಓಡ್ತಿದೆ."

"ಬೇಕಂತಲೇ ಯಾಕೆ?"

"ತಪ್ಪು ಉತ್ತರ ಕಂಡ್ರೆ ಅವರಿಗೆ ತಡೆಯೋಕಾಗಲ್ಲ ಅಲ್ವಾ? ಅದೂ ಅವರದೇ ಹೆಸರಲ್ಲಿ, ನೂರು ಜನರ ಮುಂದೆ! ಎಲ್ಲೋ ಬದುಕಿದ್ರೆ, ಯಾವ ಆಸ್ಪತ್ರೆಯಲ್ಲಿದ್ರೂ ಸರಿ, ಯಾರದೋ ಫೋನ್ ಕಸ್ಕೊಂಡಾದ್ರೂ ಬಂದು 'ಯಾವನೋ ಇದು ಬರೆದದ್ದು?' ಅಂತ ಬೈತಾರೆ ಅಂದ್ಕೊಂಡೆ. ಬೈಸ್ಕೊಳ್ಳೋಕೆ ಕಾದು ಕೂತಿದೀನಿ ಅಕ್ಕಾ. ವಾರದಿಂದ ಕಣ್ಣು ಮುಚ್ಚಿಲ್ಲ."

ಅಕ್ಕನ ಮಗಳ ಸಿಟ್ಟು ಎಲ್ಲಿ ಹೋಯಿತೋ. ಅವಳು ಅವನ ಕುರ್ಚಿಯಲ್ಲಿ ಮೆಲ್ಲಗೆ ಕೂತಳು.

"ಬಂದರಾ?"

"ಇಲ್ಲ ಅಕ್ಕಾ."

ಪೊಲೀಸರು ಹೇಳಿದ್ದರು, ಅಂಬಿಗರು ಹೇಳಿದ್ದರು, ಚಿಕ್ಕಮ್ಮನೂ ಬಳಸು ಮಾತಿನಲ್ಲಿ ಹೇಳಿ ನೋಡಿದ್ದಳು. ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದವಳಿಗೆ ಈ 'ಇಲ್ಲ' ಅರ್ಥವಾಯಿತು. ಊಟ ಬಿಟ್ಟು ಏಳುತ್ತಿದ್ದ ಗಂಡನನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಅವರು ಹೋಗಿಬಿಟ್ಟರು ಚಿಕ್ಕಮ್ಮಾ," ಎಂದಳು. ವರ್ಷದಿಂದ ತಡೆದದ್ದು ಒಮ್ಮೆಲೇ ಒಡೆಯಿತು. ಚಿಕ್ಕಮ್ಮ ಅವಳನ್ನು ಎದೆಗೆ ಒತ್ತಿಕೊಂಡು ಫೋನಿನತ್ತ ಕೈಚಾಚಿದಳು. ಅಕ್ಕನ ಮಗಳು ಆ ಕೈ ಹಿಡಿದು ತಡೆದಳು.

"ಏಯ್, ಇಡಬೇಡ ಫೋನು," ಎಂದು ಬಿಕ್ಕುತ್ತಲೇ ಫೋನಿನಲ್ಲಿದ್ದವಳಿಗೆ ಹೇಳಿದಳು. "ನೀನೂ ಅತ್ತಿಲ್ಲ ಅಲ್ವಾ ಇಷ್ಟು ದಿನ? ಅಳು. ನನ್ನ ಜೊತೆ ಅಳು."

ಆ ಕಡೆಯವಳು ಫೋನ್ ಇಡಲಿಲ್ಲ.